ಕೆ.ಆರ್. ಸರ್ಕಲ್‌ನ ಎರಡು ಗೇಟು

ಪ್ರತಿ ಸೆಪ್ಟೆಂಬರ್ 15ಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ಇಂಜಿನಿಯರುಗಳ ದಿನ. ಕಾಲೇಜುಗಳಲ್ಲಿ ಭಾಷಣ, ನಮ್ಮ ಚಾನೆಲ್‌ಗಳಲ್ಲಿ ಕನ್ನಂಬಾಡಿಯ ಗೇಟುಗಳಿಂದ ನೀರು ಧುಮುಕುವ ದೃಶ್ಯ. ಎಲ್ಲಾ ಸರಿ ವೀಕ್ಷಕರೇ, ಒಂದು ಪ್ರಶ್ನೆ ಕೇಳ್ತೀನಿ. ಇಂಜಿನಿಯರುಗಳ ಈ ಪಿತಾಮಹರ ಹತ್ತಿರ ಬಿಇ ಸರ್ಟಿಫಿಕೇಟ್ ಇತ್ತಾ?

ಇರಲಿಲ್ಲ. 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿ ಪುಣೆಗೆ ಹೋದರು. 1883ರಲ್ಲಿ ಅಲ್ಲಿ ಅವರು ಪಾಸು ಮಾಡಿದ್ದು ಎಲ್‌ಸಿಇ, ಅಂದರೆ ಲೈಸೆನ್ಶಿಯೇಟ್ ಇನ್ ಸಿವಿಲ್ ಇಂಜಿನಿಯರಿಂಗ್. ಹೆಸರಿನಲ್ಲೇ ಇದೆ ನೋಡಿ, ಲೈಸೆನ್ಸು. ಕೆಲಸ ಮಾಡೋಕೆ ಕೊಡುವ ಪರವಾನಗಿ. ಇನ್ನೂ ಸ್ವಾರಸ್ಯ ಏನಂದ್ರೆ, ಅವರು ಓದಿದ ಪುಣೆಯ ಆ ಕಾಲೇಜು 1854ರಲ್ಲಿ ಶುರುವಾದಾಗ ಅದನ್ನು ಯಾರೂ ಕಾಲೇಜು ಅಂತ ಕರೀತಿರಲಿಲ್ಲ. ‘ಪೂನಾ ಇಂಜಿನಿಯರಿಂಗ್ ಕ್ಲಾಸ್ ಅಂಡ್ ಮೆಕ್ಯಾನಿಕಲ್ ಸ್ಕೂಲ್’ ಅಂತ ಹೆಸರು. ಲೋಕೋಪಯೋಗಿ ಇಲಾಖೆಗೆ ಕೆಳಹಂತದ ನೌಕರರನ್ನು ತಯಾರು ಮಾಡೋದು ಅದರ ಕೆಲಸ. ಇವತ್ತಿನ ಲೆಕ್ಕದಲ್ಲಿ ಅದೊಂದು ಪಾಲಿಟೆಕ್ನಿಕ್. ಮುಂದೆ ಬಾಂಬೆ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡ ಮೇಲೆ ಅದಕ್ಕೆ ಕಾಲೇಜಿನ ಗೌರವ ಬಂತು.

ಇದನ್ನು ಯಾಕೆ ಹೇಳ್ತಾ ಇದ್ದೀನಿ? ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಸಾವಿರಾರು ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತೆ. ಮಗ ಅಥವಾ ಮಗಳನ್ನು ಪಿಯುಸಿಗೆ ಕಳಿಸೋದಾ, ಡಿಪ್ಲೊಮಾಗಾ, ಐಟಿಐಗಾ? ಪಿಯುಸಿ ಅಂದರೆ ಎರಡು ವರ್ಷದ ಟ್ಯೂಷನ್ನು, ಆಮೇಲೆ ಸಿಇಟಿ, ಆಮೇಲೆ ನಾಲ್ಕು ವರ್ಷದ ಫೀಸು. ಅಷ್ಟು ಕಾಯುವ ಶಕ್ತಿ ಇಲ್ಲದ ಮನೆಯವರು ಡಿಪ್ಲೊಮಾಗೆ ಕಳಿಸ್ತಾರೆ. ಮೂರು ವರ್ಷಕ್ಕೆ ಕೈಗೊಂದು ಕೆಲಸ, ಇಲ್ಲದಿದ್ದರೆ ಅಲ್ಲಿಂದ ಮುಂದೆ ಇಂಜಿನಿಯರಿಂಗ್. ಅದರಲ್ಲೂ ಕಂಪ್ಯೂಟರ್ ಸೈನ್ಸ್. ಕಾಗದದ ಮೇಲೆ ಆ ದಾರಿ ಇದೆ. ಆದರೆ ಅದು ಎಷ್ಟು ಅಗಲ ಇದೆ, ಅದನ್ನು ಅಷ್ಟೇ ಅಗಲಕ್ಕೆ ಇಟ್ಟವರು ಯಾರು ಅನ್ನೋದು ಇವತ್ತಿನ ವಿಷಯ.

ದಾರಿಯ ನಡುವೆ ಗೋಡೆ ಎದ್ದಿದ್ದು ಕಂಪ್ಯೂಟರ್ ಹುಟ್ಟುವುದಕ್ಕೂ ನೂರು ವರ್ಷ ಮೊದಲು. 1847ರಲ್ಲಿ ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯ್ತು. ಗಂಗಾ ಕಾಲುವೆ ಕಟ್ಟೋದಕ್ಕೆ ಜನ ಬೇಕಿತ್ತು. ಅಲ್ಲಿ ಒಂದೇ ಕಾಂಪೌಂಡಿನಲ್ಲಿ ಮೂರು ತರಗತಿ. ಮೊದಲನೆಯದು ಇಂಜಿನಿಯರುಗಳದ್ದು. ಎರಡನೆಯದು ಮೇಲಿನ ಅಧೀನ ನೌಕರರದ್ದು, ಅದಕ್ಕೆ ಬರುತ್ತಿದ್ದವರು ಬಿಳಿಯ ಸೈನಿಕರು. ಮೂರನೆಯದು ದೇಶೀಯರಿಗೆ, ದೇಶಭಾಷೆಯಲ್ಲೇ ಪಾಠ. ಸರ್ವೆ ಕಲಿಯಿರಿ, ಲೆಕ್ಕ ಬರೆಯಿರಿ, ಸಬ್ ಓವರ್ಸಿಯರ್ ಆಗಿ. ಇಂಜಿನಿಯರ್ ಆಗೋ ಮಾತು ಎತ್ತಬೇಡಿ. ಮೂರನೇ ತರಗತಿಯವನು ಎಷ್ಟೇ ಚುರುಕಾಗಿದ್ದರೂ ಒಂದನೇ ತರಗತಿಗೆ ಮೆಟ್ಟಿಲು ಇರಲಿಲ್ಲ.

ಬಿಳಿಯರು ಹೋದರು. ಆ ಗೆರೆ ಮಾತ್ರ ಉಳೀತು. ಇವತ್ತಿಗೂ ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ಡಿಪ್ಲೊಮಾದವರು ಜೆಇ ಆಗಿ ಸೇರ್ತಾರೆ, ಬಿಇ ಮಾಡಿದವರು ಎಇ ಆಗಿ ಸೇರ್ತಾರೆ. ಓವರ್ಸಿಯರ್ ಅನ್ನೋ ಪದ ಹಳೇ ಮೈಸೂರಿನ ಹಳ್ಳಿಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ.

ವಿಶ್ವೇಶ್ವರಯ್ಯನವರಿಗೆ ಈ ಗೆರೆ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ. ಎರಡು ಕೆಲಸ ಮಾಡಿದರು ಅವರು. ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರು. ಇವತ್ತಿನ ಯುವಿಸಿಇ. ಅದು ಎಲ್ಲರಿಗೂ ಗೊತ್ತು. ಎರಡನೆಯದು ಅಷ್ಟಾಗಿ ಗೊತ್ತಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿ ದುಡಿದ ಕಾಲಕ್ಕೆ ತಮಗೆ ಸಲ್ಲಬೇಕಾಗಿದ್ದ ಗೌರವಧನವನ್ನು ಅವರು ಜೇಬಿಗೆ ಹಾಕಿಕೊಳ್ಳಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆಗೆ ಕೊಡಿ ಅಂದರು. ಅದಕ್ಕೆ ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿಡಿ ಅಂತಲೂ ಹೇಳಿದರು. 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯ್ತು. ಇವತ್ತು ನಾವು ಎಸ್‌ಜೆಪಿ ಅಂತ ಕರೆಯುವ ಪಾಲಿಟೆಕ್ನಿಕ್ ಅದೇ. ಗುರುದತ್‌ರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ಗೆ ಕ್ಯಾಮೆರಾ ಹಿಡಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿಯ ಶುರುವಿನ ವಿದ್ಯಾರ್ಥಿ. ಗೋವಿಂದ ನಿಹಲಾನಿ ಕೂಡ ಅಲ್ಲೇ ಕಲಿತವರು. ಮೂರ್ತಿಯವರಿಗೆ ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೇ ಬಂತು. ಡಿಪ್ಲೊಮಾದವರು ತಾನೇ ಅಂತ ಆಗ ಯಾರೂ ಮೂಗು ಮುರಿದಂತಿಲ್ಲ!

ಬೆಂಗಳೂರಿನವರಿಗೆ ಗೊತ್ತಿರುತ್ತೆ, ಈ ಎರಡೂ ಸಂಸ್ಥೆಗಳು ಕೆ.ಆರ್. ಸರ್ಕಲ್ ಬಳಿಯೇ ಇವೆ. ಒಂದರ ಗೇಟಿನಿಂದ ಇನ್ನೊಂದರ ಗೇಟಿಗೆ ಕೆಲವೇ ನಿಮಿಷದ ನಡಿಗೆ. ಎರಡರ ಹಿಂದೆಯೂ ಒಬ್ಬರೇ ಮನುಷ್ಯ. ಆದರೆ ಡಿಪ್ಲೊಮಾ ಮುಗಿಸಿದ ಹುಡುಗ ಆ ನಾಲ್ಕು ಹೆಜ್ಜೆ ದಾಟಿ ಡಿಗ್ರಿ ಗೇಟಿನೊಳಗೆ ಕಾಲಿಡೋಕೆ ಪಟ್ಟ ಪಾಡು ಇದೆಯಲ್ಲ, ಅದು ದೊಡ್ಡ ಕಥೆ.

ಸಂಜೆ ಕಾಲೇಜುಗಳು ಒಂದು ದಾರಿ ಕೊಟ್ಟವು. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ನಲ್ಲಿ ಬೆಳಿಗ್ಗೆ ಶಿಫ್ಟು ಮುಗಿಸಿ ಸೈಕಲ್ ಹತ್ತಿ ಕ್ಲಾಸಿಗೆ ಬರುತ್ತಿದ್ದ ಡಿಪ್ಲೊಮಾ ತಲೆಮಾರು ಒಂದಿತ್ತು. ಯುವಿಸಿಇ, ಬಿಎಂಎಸ್‌ನ ಸಂಜೆ ಬಿಇಯಲ್ಲಿ ಓದಿ ಫೋರ್‌ಮನ್‌ನಿಂದ ಮ್ಯಾನೇಜರ್ ಆದವರು ನಿಮ್ಮ ಬಡಾವಣೆಯಲ್ಲೂ ಸಿಗ್ತಾರೆ, ಕೇಳಿ ನೋಡಿ. ಅದೂ ಕೈಗೆಟುಕದವರಿಗೆ ಎಎಂಐಇ ಇತ್ತು. ಮನೆಯಲ್ಲೇ ಓದಿ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ನಡೆಸುವ ಎ ಸೆಕ್ಷನ್, ಬಿ ಸೆಕ್ಷನ್ ಪರೀಕ್ಷೆ ಪಾಸು ಮಾಡಿದರೆ ಬಿಇಗೆ ಸಮ. ವರ್ಷಗಟ್ಟಲೆ ಹಿಡಿಯುತ್ತಿತ್ತು, ನಡುವೆ ಬಿಟ್ಟವರೇ ಹೆಚ್ಚು. ಆದರೂ ದಾರಿ ಅಂತ ಒಂದಿತ್ತು. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಆ ಸಮಾನತೆಯನ್ನೂ ಕೇಂದ್ರ ಸರ್ಕಾರ ನಿಲ್ಲಿಸಿತು.

ಈಗ ಕಂಪ್ಯೂಟರ್‌ಗೆ ಬರೋಣ. ಇಲ್ಲೇ ಒಂದು ಅವಕಾಶ ತಪ್ಪಿಹೋಗಿದ್ದು.

ಸಿವಿಲ್, ಮೆಕ್ಯಾನಿಕಲ್ ಹಳೇ ಮನೆಗಳು. ಅಲ್ಲಿ ಓವರ್ಸಿಯರ್, ಇಂಜಿನಿಯರ್ ಅನ್ನೋ ಗೆರೆಗೆ ನೂರು ವರ್ಷದ ಅಭ್ಯಾಸ. ಆದರೆ ಕಂಪ್ಯೂಟರ್ ಅನ್ನೋದು ಹೊಸ ಸೈಟು. ಅಲ್ಲಿ ಯಾರ ಗೆರೆಯೂ ಇರಲಿಲ್ಲ. ಪ್ರೋಗ್ರಾಂ ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ. ಬರೆದವನ ಸರ್ಟಿಫಿಕೇಟ್ ನೋಡಿ ಮೆಷಿನ್ ಮರ್ಯಾದೆ ಕೊಡಲ್ಲ. ಹೊಸ ಸೈಟಿನಲ್ಲಿ ಹೊಸ ಥರದ ಮನೆ ಕಟ್ಟಬಹುದಿತ್ತು. ಒಂದಿಷ್ಟು ಜನ ಪ್ರಯತ್ನವನ್ನೂ ಪಟ್ಟರು.

ಪ್ರೊಫೆಸರ್ ವಿ. ರಾಜಾರಾಮನ್ ಅವರ ಹೆಸರು ಕೇಳಿರ್ತೀರಿ. ಐಐಟಿ ಕಾನ್ಪುರದಿಂದ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಇಂಜಿನಿಯರುಗಳಷ್ಟರಿಂದಲೇ ಸಾಫ್ಟ್‌ವೇರ್ ಉದ್ಯಮ ಬೆಳೆಯಲ್ಲ ಅಂತ ಎಂಸಿಎ ಎಂಬ ಹೊಸ ಡಿಗ್ರಿಯನ್ನು ಸೂಚಿಸಿದ ಸಮಿತಿಗೆ ಅವರೇ ಮುಖ್ಯಸ್ಥರು. 1980ರ ದಶಕದ ಶುರುವಿನಲ್ಲಿ ಅದು ಜಾರಿಗೆ ಬಂತು. ಬಿಎಸ್ಸಿ, ಬಿಕಾಂ ಮಾಡಿದವರಿಗೂ ಬಾಗಿಲು ತೆರೀತು. ಗಣಿತ ಓದಿರಬೇಕು ಅಷ್ಟೇ. ಈ ‘ಗಣಿತ ಓದಿರಬೇಕು’ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1990ರಲ್ಲಿ ಇನ್ನೂ ಧೈರ್ಯದ ಒಂದು ಕೆಲಸ ಆಯ್ತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಎಐಸಿಟಿಇ ಸೇರಿ ಡಿಒಇಎಸಿಸಿ ಅಂತ ಒಂದು ಯೋಜನೆ ತಂದವು. ಓ, ಎ, ಬಿ, ಸಿ ಅಂತ ನಾಲ್ಕು ಲೆವೆಲ್. ಓ ಲೆವೆಲ್‌ಗೆ ಹನ್ನೆರಡನೇ ಕ್ಲಾಸು ಪಾಸಾದವರೂ ಬರಬಹುದು, ಹತ್ತನೇ ಕ್ಲಾಸಿನ ಮೇಲೆ ಒಂದು ವರ್ಷ ಐಟಿಐ ಮಾಡಿದವರೂ ಬರಬಹುದು. ಅಲ್ಲಿಂದ ಹತ್ತುತ್ತಾ ಹೋಗಿ ಬಿ ಲೆವೆಲ್ ಮುಟ್ಟಿದರೆ ಎಂಸಿಎಗೆ ಸಮ. ಯೋಚನೆ ಮಾಡಿ! ಐಟಿಐ ಹುಡುಗ ಮಾಸ್ಟರ್ಸ್ ಮಟ್ಟದವರೆಗೆ ಹೋಗೋಕೆ ಸರ್ಕಾರವೇ ಹಾಕಿಕೊಟ್ಟ ಏಣಿ. ಮಲ್ಲೇಶ್ವರದಲ್ಲಿ, ಜಯನಗರದಲ್ಲಿ ಬೀದಿಗೊಂದರಂತೆ ಕಂಪ್ಯೂಟರ್ ಸೆಂಟರ್‌ಗಳು ಎದ್ದು ಆರು ತಿಂಗಳ ಕೋರ್ಸಿಗೆ ದುಡ್ಡು ಎಣಿಸುತ್ತಿದ್ದ ಕಾಲವದು. ಅವುಗಳಿಗೆ ಲಗಾಮು ಹಾಕೋದೂ ಯೋಜನೆಯ ಒಂದು ಉದ್ದೇಶ. ಪರೀಕ್ಷೆ ಮಾತ್ರ ಕಬ್ಬಿಣದ ಕಡಲೆ. ಏಣಿ ಗಟ್ಟಿಯಾಗಿತ್ತು, ಹತ್ತುವವನಿಗೆ ಕೈಹಿಡಿದು ಕಲಿಸುವ ಮೇಷ್ಟ್ರು ಎಲ್ಲ ಕಡೆ ಇರಲಿಲ್ಲ. ಕಂಪನಿಗಳೂ ಕ್ಯಾಂಪಸ್‌ಗೆ ಹೋಗಿ ಬಿಇ ಹುಡುಗರನ್ನು ಸಾಲಾಗಿ ತುಂಬಿಕೊಂಡು ಬಂದವು. ಡಿಒಇಎಸಿಸಿ 2011ರಲ್ಲಿ ಎನ್‌ಐಇಎಲ್‌ಐಟಿ ಆಯ್ತು. ನಮ್ಮ ಕಡೆ ಎಷ್ಟು ಮಂದಿ ತಂದೆ ತಾಯಂದಿರಿಗೆ ಆ ಹೆಸರು ಗೊತ್ತು, ಹೇಳಿ?

ಕರ್ನಾಟಕದ್ದೇ ಇನ್ನೊಂದು ಪ್ರಯೋಗ ಜೆಒಸಿ. ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು, ಹತ್ತನೇ ತರಗತಿ ದಾಟಿದವರಲ್ಲಿ ಅರ್ಧದಷ್ಟು ಜನ ವೃತ್ತಿ ಶಿಕ್ಷಣಕ್ಕೆ ಬರಬೇಕು ಅಂತ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಇಳಿಸಿ, 1990ಕ್ಕೆ ಶೇ 10, 1995ಕ್ಕೆ ಶೇ 25 ಅಂತು. ಅದೂ ಕೈಗೂಡಲಿಲ್ಲ. ನಮ್ಮ ಪಿಯು ಕಾಲೇಜುಗಳಲ್ಲಿ ರೇಷ್ಮೆ, ಎಲೆಕ್ಟ್ರಿಕಲ್ ವೈರಿಂಗ್, ಲೆಕ್ಕಪತ್ರ, ಕಂಪ್ಯೂಟರ್ ಅಂತೆಲ್ಲ ಜೆಒಸಿ ಕೋರ್ಸುಗಳು ನಡೆದವು. ಆದರೆ ಜೆಒಸಿ ಓದಿದವನ ಕೈಯಲ್ಲಿ ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ ಇಲ್ಲ. ಹಾಗಾಗಿ ಇಂಜಿನಿಯರಿಂಗ್ ಬಾಗಿಲು ಬಂದ್. ಅವನು ಕಂಪ್ಯೂಟರನ್ನೇ ಎರಡು ವರ್ಷ ಓದಿದ್ದರೂ ಕಂಪ್ಯೂಟರ್ ಇಂಜಿನಿಯರಿಂಗ್‌ಗೆ ಅರ್ಹನಲ್ಲ! ನಮ್ಮ ಸಿಇಟಿ ನಿಯಮ ಇನ್ನೂ ಮಜಾ. ಭೌತಶಾಸ್ತ್ರ, ಗಣಿತ ಕಡ್ಡಾಯ. ಮೂರನೇ ವಿಷಯ ಕಂಪ್ಯೂಟರ್ ಆಗಿರಬಹುದು, ಜೀವಶಾಸ್ತ್ರವೂ ಆಗಿರಬಹುದು. ಅಂದರೆ ಕಂಪ್ಯೂಟರ್ ಕಲಿಯೋಕೆ ಮೊದಲೇ ಕಂಪ್ಯೂಟರ್ ಗೊತ್ತಿರೋದು ಐಚ್ಛಿಕ. ಜೆಒಸಿಯವರಿಗೆ ಕೊನೆಗೆ ಆಸರೆ ಕೊಟ್ಟಿದ್ದು ಬಿಸಿಎ. ಆ ಡಿಗ್ರಿಯ ಮೇಲೆ ನನಗೆ ಗೌರವ ಜಾಸ್ತಿ. ಪಿಯುಸಿ ಕಲಾ ವಿಭಾಗದವರನ್ನೂ, ಡಿಪ್ಲೊಮಾದವರನ್ನೂ ಅದು ಒಳಗೆ ಕರೀತು. ಬೆಂಗಳೂರಿನ ಐಟಿ ಕಂಪನಿಗಳ ಟೆಸ್ಟಿಂಗ್, ಸಪೋರ್ಟ್ ವಿಭಾಗಗಳಲ್ಲಿ ಹಳ್ಳಿ ಕಡೆಯ ಎಷ್ಟೋ ಮಕ್ಕಳು ಕೂತಿದ್ದರೆ ಅದಕ್ಕೆ ಬಿಸಿಎ ಕಾರಣ. ಆ ಜೆಒಸಿಯೂ 2010ರ ದಶಕದ ಶುರುವಿನಲ್ಲಿ ಮುಚ್ಚಿತು.

ಗಣಿತ ಬೇಕು ಅನ್ನುವ ವ್ಯವಸ್ಥೆ ಎಲ್ಲರನ್ನೂ ಹಾಗೇ ತೂಗಿತಾ? ಇಲ್ಲ ಸ್ವಾಮಿ. 1970ರ ದಶಕದ ಕೊನೆಯಿಂದ ಕರ್ನಾಟಕದಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಅಣಬೆಗಳ ಹಾಗೆ ಎದ್ದವು. ಡೊನೇಷನ್ ಕೊಟ್ಟರೆ ಸೀಟು. ಕ್ಯಾಪಿಟೇಷನ್ ನಿಷೇಧಿಸಲು 1984ರಲ್ಲಿ ರಾಜ್ಯ ಕಾನೂನೇ ತರಬೇಕಾಯ್ತು. 1992ರಲ್ಲಿ ಮೋಹಿನಿ ಜೈನ್ ಕೇಸು, 1993ರಲ್ಲಿ ಉನ್ನಿಕೃಷ್ಣನ್ ಕೇಸು, ಸುಪ್ರೀಂ ಕೋರ್ಟ್ ಚಾಟಿ ಬೀಸಿತು. ಆಮೇಲೆ 1994ರಿಂದ ಸಿಇಟಿ. ಪಿಯುಸಿಯಲ್ಲಿ ಬರಿ ಪಾಸು ಮಾರ್ಕ್ಸು ತಗೊಂಡು ಸೂಟ್‌ಕೇಸ್ ಹಿಡಿದು ಬಂದವನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತಿದ್ದ ಅದೇ ಕಾಲದಲ್ಲಿ, ಮೂರು ವರ್ಷ ಪ್ರೋಗ್ರಾಂ ಬರೆದ ಡಿಪ್ಲೊಮಾ ಹುಡುಗ ಗೇಟಿನ ಹೊರಗೆ ನಿಂತಿದ್ದ.

ಅವನಿಗೆ ಸಿಕ್ಕ ಪಕ್ಕದ ಬಾಗಿಲಿಗೆ ಲ್ಯಾಟರಲ್ ಎಂಟ್ರಿ ಅಂತ ಹೆಸರು. ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ. ಒಳ್ಳೆಯ ಯೋಜನೆ, ಅನುಮಾನವೇ ಇಲ್ಲ. ಆದರೆ ಅಳತೆ ನೋಡಿ. ಮಂಜೂರಾದ ಸೀಟಿನ ಶೇ 10, ಅದರ ಜೊತೆಗೆ ಮೊದಲ ವರ್ಷ ಖಾಲಿ ಉಳಿದ ಸೀಟುಗಳು. ನಡುವೆ ಒಮ್ಮೆ ಶೇ 20ಕ್ಕೂ ಏರಿತ್ತು. 60 ಜನರ ಕ್ಲಾಸಿಗೆ ಶೇ 10 ಅಂದರೆ 6 ಸೀಟು. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಖಾಲಿ ಸೀಟು ಬೇಕಾದಷ್ಟು, ಹಾಗಾಗಿ ಬಾಗಿಲು ಅಗಲ. ಕಂಪ್ಯೂಟರ್ ಸೈನ್ಸ್‌ನಲ್ಲಿ ಸೀಟು ಖಾಲಿ ಬೀಳೋದೇ ಅಪರೂಪ. ಅಲ್ಲಿ ಆ 6 ಸೀಟೇ ಗತಿ. ಯಾರೂ ದುರುದ್ದೇಶದಿಂದ ಬರೆದ ನಿಯಮ ಅಲ್ಲ ಇದು. ಆದರೆ ಎಲ್ಲಿ ನೂಕುನುಗ್ಗಲು ಜಾಸ್ತಿಯೋ ಅಲ್ಲೇ ಬಾಗಿಲು ಕಿರಿದಾಗಿ ಕೂತಿದೆ.

ಒಳಗೆ ಹೋದ ಮೇಲೆ? ವಿಟಿಯು ವ್ಯಾಪ್ತಿಯಲ್ಲಿ ಓದಿದ ಯಾವ ಡಿಪ್ಲೊಮಾದವರನ್ನಾದರೂ ಕೇಳಿ, ‘ಮ್ಯಾಟ್‌ಡಿಪ್’ ಅಂದ ಕೂಡಲೇ ಮುಖ ಬಾಡುತ್ತೆ. ಲ್ಯಾಟರಲ್ ಎಂಟ್ರಿಯವರಿಗೆ ಮಾತ್ರ ಇರುವ ಹೆಚ್ಚುವರಿ ಗಣಿತದ ಪೇಪರ್ ಅದು. ಮೊದಲ ವರ್ಷದ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್ ಅವರಿಗೆ ತಪ್ಪಿರುತ್ತೆ. ಅದನ್ನು ತುಂಬಿಸಬೇಕಾದ್ದು ನ್ಯಾಯವೇ. ತುಂಬಿಸುವ ರೀತಿ ನೋಡಿ. ಮೂರನೇ ಸೆಮಿಸ್ಟರ್‌ನಲ್ಲಿ ಉಳಿದವರ ಜೊತೆ ಆ ಸೆಮಿಸ್ಟರ್‌ನ ಗಣಿತ ಓದಬೇಕು. ಅದಕ್ಕೆ ಬೇಕಾದ ಬುನಾದಿಯನ್ನು ಅದೇ ಸೆಮಿಸ್ಟರ್‌ನಲ್ಲಿ, ಅದರ ಪಕ್ಕದಲ್ಲೇ ಓದಬೇಕು. ತಳಪಾಯ ಮತ್ತು ಮೊದಲ ಮಹಡಿ ಒಟ್ಟಿಗೆ ಕಟ್ಟಿ ಅಂದ ಹಾಗೆ! ಲ್ಯಾಬಿನಲ್ಲಿ ಪ್ರೋಗ್ರಾಂ ಮೊದಲು ಮುಗಿಸಿ ಪಕ್ಕದವರಿಗೆ ಹೇಳಿಕೊಡೋ ಹುಡುಗಿ ಗಣಿತದ ಕ್ಲಾಸಿನಲ್ಲಿ ಕೊನೇ ಬೆಂಚಿಗೆ ಹೋಗಿ ಕೂರ್ತಾಳೆ. ‘ಅವರು ಡಿಪ್ಲೊಮಾದವರು’ ಅನ್ನೋ ಮಾತು ಅಲ್ಲಿ ಹುಟ್ಟುತ್ತೆ. ರೂರ್ಕಿಯ ಮೂರನೇ ತರಗತಿ ಇದೇ ಅಲ್ವಾ?

ಕಂಪ್ಯೂಟರ್‌ಗೆ ಗಣಿತ ಬೇಡ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋರ ಮಾತು ನಂಬಲೂಬೇಡಿ. ಬೇಕೇ ಬೇಕು. ಆದರೆ ಯಾವ ಗಣಿತ? ತರ್ಕ, ಗಣಗಳು, ಗ್ರಾಫ್, ಎಣಿಕೆಯ ಲೆಕ್ಕ, ಸಂಭವನೀಯತೆ. ಡಿಸ್ಕ್ರೀಟ್ ಮ್ಯಾಥ್ಸ್ ಅಂತ ಬಿಇ ಎರಡನೇ ವರ್ಷದ ಹೊತ್ತಿಗೆ ಬರುತ್ತಲ್ಲ, ಅದರ ಬಹುಪಾಲು ಪಿಯುಸಿಯವರಿಗೂ ಹೊಸದೇ, ಡಿಪ್ಲೊಮಾದವರಿಗೂ ಹೊಸದೇ. ಅಲ್ಲಿ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತು ಓಟ ಶುರು ಮಾಡ್ತಾರೆ. ಮೆಷಿನ್ ಲರ್ನಿಂಗ್‌ಗೆ ಹೋಗುವವನಿಗೆ ಕ್ಯಾಲ್ಕುಲಸ್ ಬೇಕು, ಮ್ಯಾಟ್ರಿಕ್ಸ್ ಬೇಕು, ಒಪ್ಪೋಣ. ಹಾಗಿದ್ದರೆ ಅದನ್ನು ಕಲಿಸಿ. ಬಾಗಿಲಲ್ಲಿ ನಿಂತು ‘ನೀನು ಕಲಿತಿಲ್ಲ’ ಅನ್ನೋದಕ್ಕೂ, ಒಳಗೆ ಕರೆದು ಕಲಿಸೋದಕ್ಕೂ ವ್ಯತ್ಯಾಸ ಇದೆ.

2021ರ ಮಾರ್ಚ್‌ನಲ್ಲಿ ಇದೇ ವಿಷಯ ದೇಶದ ತುಂಬ ಗದ್ದಲ ಎಬ್ಬಿಸಿತು. ಎಐಸಿಟಿಇ ತನ್ನ ಕೈಪಿಡಿಯಲ್ಲಿ 14 ವಿಷಯಗಳ ಪಟ್ಟಿ ಕೊಟ್ಟು, ಯಾವುದಾದರೂ ಮೂರು ಓದಿದ್ದರೆ ಇಂಜಿನಿಯರಿಂಗ್‌ಗೆ ಅರ್ಹತೆ ಕೊಡಬಹುದು ಅಂತು. ಕಂಪ್ಯೂಟರ್ ಸೈನ್ಸ್, ಕೃಷಿ, ತಾಂತ್ರಿಕ ವೃತ್ತಿ ವಿಷಯ ಎಲ್ಲಾ ಅದರಲ್ಲಿದ್ದವು. ‘ಗಣಿತ ಇಲ್ಲದ ಇಂಜಿನಿಯರಾ?’ ಅಂತ ಟಿವಿಗಳಲ್ಲಿ ಕೂಗಾಟ. ಗಣಿತ ಬುನಾದಿಯೇ, ಓದದೆ ಬಂದವರಿಗೆ ಬ್ರಿಡ್ಜ್ ಕೋರ್ಸು ಕೊಡಿ ಅಂತ ಮಂಡಳಿ ಸ್ಪಷ್ಟನೆ ಕೊಟ್ಟಿತು. ಕೂಗಾಟದಲ್ಲಿ ಯಾರೂ ಕೇಳದ ಪ್ರಶ್ನೆ ಒಂದೇ: ಆ ಬ್ರಿಡ್ಜ್ ಕೋರ್ಸಿಗೆ ಮೇಷ್ಟ್ರು ಯಾರು, ಎಷ್ಟು ಗಂಟೆ, ಯಾವ ತಿಂಗಳು?

ಅದಕ್ಕೆ ಉತ್ತರ ಪಕ್ಕದ ಚೆನ್ನೈನಲ್ಲೇ ಇತ್ತು. 2020ರಲ್ಲಿ ಐಐಟಿ ಮದ್ರಾಸ್ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಡಿಗ್ರಿ ಶುರು ಮಾಡಿತು. ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ಹನ್ನೆರಡನೇ ಕ್ಲಾಸು ಆಗಲಿ, ಮೂರು ವರ್ಷದ ಡಿಪ್ಲೊಮಾ ಆಗಲಿ, ಮುಗಿಸಿರಬೇಕು. ಜೆಇಇ ಬೇಡ. ಮೊದಲು ನಾಲ್ಕು ವಾರ ಅವರೇ ಪಾಠ ಮಾಡ್ತಾರೆ. ಆ ಪಾಠದ ಮೇಲೆ ಪರೀಕ್ಷೆ. ಪಾಸಾದರೆ ಒಳಗೆ. ಹಿಂದೆ ಎಲ್ಲಿ ಓದಿದೆ ಅಂತ ಕೇಳೋದಕ್ಕಿಂತ, ಕೊಟ್ಟ ಪಾಠ ಕಲಿತೀಯಾ ಅಂತ ಕೇಳ್ತಾರೆ. ಫೀಸು, ಇಂಟರ್ನೆಟ್ಟು, ಇಂಗ್ಲಿಷು ಇವೆಲ್ಲ ಅಡ್ಡಿಗಳೇ, ನಾನು ಅಲ್ಲಗಳೆಯಲ್ಲ. ಆದರೆ ಪುಣೆಯ ಹಳೇ ಇಂಜಿನಿಯರಿಂಗ್ ಕ್ಲಾಸಿನ ಬುದ್ಧಿ ಅಲ್ಲಿ ಮತ್ತೆ ಕಾಣುತ್ತೆ.

ನಮ್ಮ ರಾಜ್ಯದಲ್ಲಿ ಪಾಲಿಟೆಕ್ನಿಕ್ ಸಿಲಬಸ್ ಬದಲಾಗಿದೆ. ಸಿ-20 ಅಂತ ಬಂದ ಮೇಲೆ ಕಂಪ್ಯೂಟರ್ ಡಿಪ್ಲೊಮಾದ ಮೂರನೇ ವರ್ಷದಲ್ಲಿ ಕ್ಲೌಡ್, ಸೈಬರ್ ಸೆಕ್ಯುರಿಟಿ, ಕೃತಕ ಬುದ್ಧಿಮತ್ತೆ ಎಲ್ಲಾ ಇವೆ. 2024ರಿಂದ ಒಳ್ಳೆಯ ಕಾಲೇಜುಗಳಿಗೆ ಸೀಟಿನ ಮಿತಿಯನ್ನು ಎಐಸಿಟಿಇ ತೆಗೆದಿದೆ. ಕಂಪ್ಯೂಟರ್ ಸೀಟು ಹೆಚ್ಚಾದಲ್ಲೆಲ್ಲ ಶೇ 10ರ ಪಾಲೂ ಹೆಚ್ಚಾಗುತ್ತೆ. ಡಿಪ್ಲೊಮಾದವರಿಗೆ ಇದು ಸಂತೋಷದ ಸುದ್ದಿ.

ಐಟಿಐನವರಿಗೆ ಅಲ್ಲ. ಐಟಿಐನಲ್ಲಿ ಕೋಪಾ ಅಂತ ಒಂದು ಟ್ರೇಡ್ ಇದೆ, ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್. ಹೆಣ್ಣುಮಕ್ಕಳಿಗೆ ಇಷ್ಟವಾದ ಟ್ರೇಡು. ಒಂದು ವರ್ಷದ್ದು. ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಬೇಕಾದರೆ ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷದ ಐಟಿಐ ಆಗಿರಬೇಕು ಅನ್ನುತ್ತೆ ನಿಯಮ. ಎರಡು ವರ್ಷ ಫಿಟ್ಟರ್ ಕಲಿತವನಿಗೆ ಆ ಬಾಗಿಲು ಇದೆ. ಕಂಪ್ಯೂಟರ್ ಕಲಿತವಳಿಗೆ ಇಲ್ಲ. 2016ರಲ್ಲಿ ಎನ್‌ಐಒಎಸ್ ಜೊತೆ ಒಪ್ಪಂದ ಆಗಿ, ಐಟಿಐ ಜೊತೆಗೆ ಭಾಷೆ ಮತ್ತು ಇನ್ನೊಂದು ವಿಷಯ ಪಾಸು ಮಾಡಿಕೊಂಡರೆ ಹನ್ನೆರಡನೇ ಕ್ಲಾಸಿಗೆ ಸಮ ಅಂತ ಒಂದು ದಾರಿ ಬಂತು. ಅದರಿಂದ ಬಿಸಿಎವರೆಗೆ ಹೋಗಬಹುದು. ಈ ಮೇ ತಿಂಗಳಲ್ಲಿ ಮಗಳನ್ನು ಕೋಪಾಗೆ ಸೇರಿಸೋ ಯೋಚನೆ ಇದ್ದವರು ಅರ್ಜಿ ಹಾಕೋ ಮುಂಚೆ ಐಟಿಐ ಪ್ರಿನ್ಸಿಪಾಲರ ಹತ್ತಿರ ಈ ಎರಡು ಮಾತು ಕೇಳಿ: ಎನ್‌ಐಒಎಸ್ ಪರೀಕ್ಷೆಗೆ ಇಲ್ಲಿಂದಲೇ ಕಟ್ಟಿಸ್ತೀರಾ, ನಮ್ಮ ಜಿಲ್ಲೆಯ ಬಿಸಿಎ ಕಾಲೇಜು ಆ ಸರ್ಟಿಫಿಕೇಟ್ ಒಪ್ಪಿಕೊಳ್ಳುತ್ತಾ?